ಒಂದೇ ರೈಫಲ್, ನಾಲ್ಕು ಬಗೆಯ ಛರ್ರಾ: ಕಲಬುರಗಿಯಲ್ಲಿ ಕೊಂಡು ಪರೀಕ್ಷಿಸಿದ ಏರ್‌ಗನ್ ಪೆಲೆಟ್‌ಗಳು

ನನ್ನ .177 (ಅಂದರೆ 0.177 ಇಂಚು, ಸುಮಾರು 4.5 ಮಿಲಿಮೀಟರ್ ನಳಿಗೆಯ) ಸ್ಪ್ರಿಂಗ್ ಏರ್ ರೈಫಲ್ಲನ್ನು ಕಳೆದ ದೀಪಾವಳಿಯ ಹೊತ್ತಿಗೆ ಮಾರಿಬಿಡಬೇಕೆಂದಿದ್ದೆ. ಹಿತ್ತಲಿನಲ್ಲಿ ತೊಗರಿ ತುಂಬಿದ ಚೀಲದ ಮೇಲೆ ಎಡಗೈ ಊರಿ, ಆ ಅಂಗೈಯಲ್ಲಿ ರೈಫಲ್ಲನ್ನು ಸಡಿಲವಾಗಿ ಕೂರಿಸಿ ಹೊಡೆದರೂ, ಹತ್ತು ಮೀಟರ್ ದೂರದ ಕಾಗದದಲ್ಲಿ ಐದು ಏಟುಗಳು 38 ಮಿಲಿಮೀಟರ್ ಚದುರುತ್ತಿದ್ದವು. ದೋಷ ರೈಫಲ್ಲಿನದಲ್ಲ, ನಾನು ತುಂಬುತ್ತಿದ್ದ ಪುಟ್ಟ ಸೀಸದ ಗುಂಡಿನದು, ಅಂದರೆ ಪೆಲೆಟ್‌ನದು ಎಂಬುದು ತಿಳಿದದ್ದು ಸೂಪರ್ ಮಾರ್ಕೆಟ್ ಕಡೆಯ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ.

ಅಲ್ಲಿ ಪೆಲೆಟ್‌ಗೆ ಎಲ್ಲರೂ ಛರ್ರಾ ಎಂದೇ ಅನ್ನುತ್ತಾರೆ. ಬಹುಪಾಲು ಗಿರಾಕಿಗಳು ಕೇಳುವುದು ಪ್ಲಾಸ್ಟಿಕ್ ಪೊಟ್ಟಣದ ಅಗ್ಗದ ಸರಕನ್ನು. ನಾನೂ ಅದನ್ನೇ ಕೊಂಡಿದ್ದೆ. ಅಂಗಡಿಯವರು ನನ್ನ ಪೊಟ್ಟಣದಿಂದ ಹತ್ತು ಪೆಲೆಟ್‌ಗಳನ್ನು ಗಾಜಿನ ಮೇಲೆ ಸುರಿದು, ಒಂದೊಂದನ್ನೇ ಬುಡ ಮೇಲಾಗಿ ನಿಲ್ಲಿಸಿ ತೋರಿಸಿದರು. ಮೂರರ ಸ್ಕರ್ಟ್, ಅಂದರೆ ಹಿಂಬದಿಯ ತೆಳು ಅಂಚು, ದುಂಡಗಿರದೆ ಒಂದು ಕಡೆ ನೆಗ್ಗಿತ್ತು. ಒಂದರ ನಡುವಿಗೆ ಅಚ್ಚಿನ ಚೂರು ಸೀಸ ಅಂಟಿಕೊಂಡಿತ್ತು.

ಇದು ನೋಟದ ದೋಷ ಮಾತ್ರವಲ್ಲ. ಪೆಲೆಟ್‌ನ ತಲೆ ನಳಿಗೆಯ ಒಳಗಿನ ತಿರುಪು ಗೆರೆಗಳ ಮೇಲೆ ಜಾರುತ್ತದೆ. ತೆಳುವಾದ ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ ನಳಿಗೆಯನ್ನು ಮುಚ್ಚುತ್ತದೆ. ಅಂಚು ನೆಗ್ಗಿದ್ದರೆ, ಪೆಲೆಟ್ ನಳಿಗೆಯ ತುದಿ ದಾಟುವ ಕ್ಷಣದಲ್ಲಿ ಗಾಳಿ ಒಂದು ಬದಿಯಿಂದ ಮೊದಲು ನುಗ್ಗಿ ಅದನ್ನು ವಾಲಿಸುತ್ತದೆ. ತಲೆ ಸಣ್ಣದಾದರೆ ಗೆರೆಗಳಿಗೆ ಸರಿಯಾಗಿ ಕಚ್ಚುವುದಿಲ್ಲ. ದೊಡ್ಡದಾದರೆ ಬಲವಾಗಿ ಒತ್ತಬೇಕಾಗಿ, ತುಂಬುವಾಗಲೇ ಸ್ಕರ್ಟ್ ಕೆಡುತ್ತದೆ. ಆದ್ದರಿಂದಲೇ ಸ್ಪರ್ಧೆಯ ಪೆಲೆಟ್ ಡಬ್ಬಿಗಳ ಮೇಲೆ ಬರೀ 4.5 ಎಂದಿರದೆ 4.49, 4.50 ಎಂದು ತಲೆಯ ಅಳತೆಯನ್ನು ಬರೆದಿರುತ್ತಾರೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ನಾನೂ ಕೇಳಿದ್ದೆ. ಅಂತರರಾಷ್ಟ್ರೀಯ ಹತ್ತು ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್ ಎಂದು ತಿಳಿದ ಮೇಲೆ ಸುಮ್ಮನಾದೆ.

ಅಂಗಡಿಯವರು ಬೆಂಗಳೂರಿನಿಂದ ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್‌ನ ಎರಡು ಡಬ್ಬಿಗಳನ್ನು ತರಿಸಿಕೊಟ್ಟರು, ಒಂದು 4.49, ಇನ್ನೊಂದು 4.50. ಜರ್ಮನಿಯ ಈ ಪೆಲೆಟ್‌ಗೆ ಚಪ್ಪಟೆ ತಲೆ, ತೂಕ 0.53 ಗ್ರಾಂ, ಡಬ್ಬಿಗೆ 500. ಬರಲು ಹನ್ನೆರಡು ದಿನ ಹಿಡಿಯಿತು, ದರವೂ ಪೊಟ್ಟಣದ ಹಲವು ಪಟ್ಟು. ಜೊತೆಗೆ ಅಂಗಡಿಯಲ್ಲೇ ಇದ್ದ ಚೂಪು ತಲೆಯ ಒಂದು ಡಬ್ಬಿಯನ್ನೂ ಕೊಂಡೆ.

ತೂಕ ನೋಡಲು ಸರಾಫ ಬಜಾರಿನ ಪರಿಚಯದ ಅಂಗಡಿಗೆ ಹೋದೆ. ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲೆ ಕಾಗದ ಹಾಸುತ್ತಾ ಅವರು, "ಸರ್, ಬಂಗಾರದ ಕಾಂಟಾದಾಗ ಸೀಸ ತೂಗ್ಸಲಾಕ ಬಂದವ್ರು ನೀವೇ ಮೊದಲ್ನೇದವ್ರು ನೋಡ್ರಿ" ಎಂದು ನಕ್ಕರು. ಇಪ್ಪತ್ತಿಪ್ಪತ್ತು ಪೆಲೆಟ್ ತೂಗಿದೆವು. ಪೊಟ್ಟಣದವು 0.46ರಿಂದ 0.51 ಗ್ರಾಂವರೆಗೆ ಏರಿಳಿದರೆ, ಜರ್ಮನ್ ಪೆಲೆಟ್‌ಗಳು ನಾಲ್ಕೈದು ಮಿಲಿಗ್ರಾಂ ಒಳಗೇ ಇದ್ದವು.

ಆದರೂ ಹತ್ತು ಮೀಟರಿನಲ್ಲಿ ನನ್ನ ಏಟು ಚದುರಲು ತೂಕ ಮುಖ್ಯ ಕಾರಣವಲ್ಲವೆಂದೇ ನನ್ನ ಲೆಕ್ಕ. ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಅಷ್ಟು ದೂರಕ್ಕೆ ಕೆಳಗಿಳಿಯುವುದು ಸುಮಾರು ಒಂದೂವರೆ ಸೆಂಟಿಮೀಟರ್. ತೂಕದಲ್ಲಿ ನೂರಕ್ಕೆ ಹತ್ತರ ವ್ಯತ್ಯಾಸವಿದ್ದರೂ ಏಟು ಒಂದೂವರೆ ಮಿಲಿಮೀಟರಿನಷ್ಟೇ ಮೇಲೆ ಕೆಳಗಾಗುತ್ತದೆ. ಮೂವತ್ತು ಮೀಟರಿಗೆ ಅದು ಒಂಬತ್ತು ಪಟ್ಟಿಗೂ ಹೆಚ್ಚಾಗುವುದರಿಂದ ಅಲ್ಲಿ ತೂಕ ನೋಡಲೇಬೇಕು. ಹಿತ್ತಲಿನಲ್ಲಿ ಹೊಡೆಯುವವರು ಮೊದಲು ತಲೆಯ ಅಳತೆ ಮತ್ತು ಸ್ಕರ್ಟ್ ನೋಡಲಿ.

ಗುರಿಯ ಮೇಲೆ 4.50ರ ಡಬ್ಬಿ ಐದು ಏಟುಗಳನ್ನು 11 ಮಿಲಿಮೀಟರಿನಲ್ಲಿ ಕೂಡಿಸಿತು. ಚಪ್ಪಟೆ ತಲೆಯ ರಂಧ್ರಗಳು ಪಂಚಿಂಗ್ ಯಂತ್ರದಿಂದ ಕತ್ತರಿಸಿದಂತೆ ದುಂಡಗಿದ್ದವು. 4.49ರದ್ದು 17 ಮಿಲಿಮೀಟರ್. ಅದು ನನ್ನ ನಳಿಗೆಗೆ ಬೆರಳು ತಾಗಿದರೆ ಸಾಕು ಎಂಬಂತೆ ಜಾರಿ ಕೂರುತ್ತಿತ್ತು. ಅದು ಕಳಪೆಯೆಂದಲ್ಲ, ಇನ್ನೊಬ್ಬರ ರೈಫಲ್ಲಿಗೆ ಅದೇ ಸರಿಹೋಗಬಹುದು. ಚೂಪು ತಲೆಯದು 24; ಮೊನೆಯನ್ನು ನಟ್ಟನಡುವೆ ಅಚ್ಚು ಹಾಕುವುದು ಕಷ್ಟ, ಹೀಗಾಗಿ ನೋಡಲು ಬಾಣದಂತಿದ್ದರೂ ನಿಖರತೆಯಲ್ಲಿ ಹಿಂದೆ. ದೂರದ ಗುರಿಗಾದರೆ ಗುಮ್ಮಟದಂಥ ದುಂಡು ತಲೆಯದನ್ನು ಕೊಳ್ಳಬೇಕು. ಇಪ್ಪತ್ತೈದು ಮೀಟರ್ ದಾಟಿದ ಮೇಲೆ ಚಪ್ಪಟೆ ತಲೆ ಹಿಡಿತ ಕಳೆದುಕೊಳ್ಳುತ್ತದೆ.

ಅಂಗಡಿಯ ಬಗ್ಗೆ ಒಂದು ತಕರಾರಿದೆ: ದುಂಡು ತಲೆಯದು ಒಂದೇ ಒಂದು ಅಳತೆಯಲ್ಲಿ ಸಿಗುತ್ತದೆ, ಬೇರೆ ಬೇಕೆಂದರೆ ಮತ್ತೆ ಹನ್ನೆರಡು ದಿನ ಕಾಯಬೇಕು. ಆದರೆ ಡಬ್ಬಿಯ ಮುಚ್ಚಳ ತೆಗೆದು ನೋಡಲು ಬಿಡುತ್ತಾರೆ, ಕೈ ತೊಳೆಯಲು ನೀರು ಸಾಬೂನನ್ನೂ ಕೊಡುತ್ತಾರೆ. ಸೀಸ ಮುಟ್ಟಿದ ಕೈಯಲ್ಲಿ ಚಹಾದ ಕಪ್ ಹಿಡಿಯಲು ಬಿಡುವುದಿಲ್ಲ. ರೈಫಲ್ ಮಾರುವ ವಿಚಾರ ಕೈಬಿಟ್ಟು, 4.50ರ ಇನ್ನೆರಡು ಡಬ್ಬಿಗಳಿಗೆ ಮುಂಗಡ ಕೊಟ್ಟು ಬಂದಿದ್ದೇನೆ.