ಯುವಿ-ಪೆರಾಕ್ಸೈಡೋ, ಓಝೋನ್-ಪೆರಾಕ್ಸೈಡೋ: ಗಡಸು ಬೋರ್‌ವೆಲ್ ನೀರಿನಲ್ಲಿ ಹೋಲಿಕೆ

1,4-ಡೈಆಕ್ಸೇನ್ ಎಂಬ ಕೈಗಾರಿಕಾ ದ್ರಾವಕ ಮೊಂಡು ವಸ್ತು. ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ. ಗಾಳಿ ಊದಿದರೆ ಹಾರುವುದಿಲ್ಲ, ಇದ್ದಿಲಿಗೂ ಸರಿಯಾಗಿ ಅಂಟುವುದಿಲ್ಲ. ಅಮೆರಿಕದ ಟೂಸಾನ್ ನಗರ ತನ್ನ ಅಂತರ್ಜಲದ ಟ್ರೈಕ್ಲೋರೋಎಥಿಲೀನ್ ಎಂಬ ಇನ್ನೊಂದು ದ್ರಾವಕವನ್ನು ತೆಗೆಯಲು 1994ರಿಂದ ಗಾಳಿ ಊದಿ ಹಾರಿಸುವ ಗೋಪುರಗಳನ್ನು ನಡೆಸುತ್ತಿತ್ತು. ಅದೇ ನೀರಿನಲ್ಲಿ ಡೈಆಕ್ಸೇನ್ ಕೂಡ ಪತ್ತೆಯಾದಾಗ ಆ ಗೋಪುರಗಳು ಸಾಲದೆ, 2014ರಲ್ಲಿ ಯುವಿ-ಪೆರಾಕ್ಸೈಡ್ ಘಟಕ ಬಂತು. ಇಂಥ ನೀರಿಗೆ ಹೈಡ್ರಾಕ್ಸಿಲ್ ರಾಡಿಕಲ್ ಬೇಕು, ಅಂದರೆ ಸಿಕ್ಕಿದ್ದನ್ನೆಲ್ಲ ಒಡೆಯುವ ಕ್ಷಣಾಯುಷ್ಯದ ಕಣ. ಹೈಡ್ರೋಜನ್ ಪೆರಾಕ್ಸೈಡಿನ ಮೇಲೆ ಅತಿನೇರಳೆ (ಯುವಿ) ಬೆಳಕು ಬಿಟ್ಟೋ, ಅದಕ್ಕೆ ಓಝೋನ್ ಬೆರೆಸಿಯೋ ಅದನ್ನು ಪಡೆಯಬಹುದು. ಅದನ್ನು ಯಾವ ದಾರಿಯಲ್ಲಿ ಹುಟ್ಟಿಸಬೇಕು ಎಂಬುದನ್ನು ಯಂತ್ರದ ಬ್ರ್ಯಾಂಡ್‌ಗಿಂತ ಹೆಚ್ಚಾಗಿ ನೀರಿನ ರಿಪೋರ್ಟೇ ತೀರ್ಮಾನಿಸುತ್ತದೆ.

ಮೊದಲು ಕ್ಷಾರೀಯತೆ, ಅಂದರೆ ಮುಖ್ಯವಾಗಿ ನೀರಿನ ಬೈಕಾರ್ಬೊನೇಟ್ ಅಂಶ ನೋಡಿ. ನಮ್ಮ ಬಯಲುಸೀಮೆಯ ಬೋರ್‌ವೆಲ್‌ಗಳಲ್ಲಿ ಅದು (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 300 ಮಿಲಿಗ್ರಾಂ ಇರುವುದು ಅಪರೂಪವೇನಲ್ಲ. ಅಷ್ಟು ಬೈಕಾರ್ಬೊನೇಟ್ ಇರುವಾಗ ಡೈಆಕ್ಸೇನ್ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ ಇದ್ದರೆ, ಅದಕ್ಕೆ ಒಂದು ರಾಡಿಕಲ್ ಸಿಗುವಷ್ಟರಲ್ಲಿ ಬೈಕಾರ್ಬೊನೇಟ್ ಸುಮಾರು 150 ನುಂಗಿರುತ್ತದೆ. ಪಿಎಚ್ 7.5ರಿಂದ 8.3ಕ್ಕೆ ಏರಿದರೆ ಕಾರ್ಬೊನೇಟ್ ಕೂಡ ಪಂಕ್ತಿಗೆ ಕೂತು ಈ ನಷ್ಟವನ್ನು ಇನ್ನೂ 40 ಶೇಕಡದಷ್ಟು ಹೆಚ್ಚಿಸುತ್ತದೆ. ಎರಡೂ ವಿಧಾನಗಳು ಈ ಸುಂಕ ಕಟ್ಟಲೇಬೇಕು. ಮೃದು ನೀರಿನಲ್ಲಿ ತೋರಿಸಿದ ಡೆಮೊ ನೋಡಿ ಗಡಸು ನೀರಿಗೆ ಯಂತ್ರ ಕೊಂಡವರ ಲೆಕ್ಕ ತಪ್ಪುವುದು ಇಲ್ಲಿಯೇ.

ಎರಡನ್ನೂ ಒಂದೇ ಬಾವಿಯ ನೀರಿಗೆ ಜೋಡಿಸಿ ಓಡಿಸಿದಾಗ ವ್ಯತ್ಯಾಸ ಬೇಗ ಕಾಣುತ್ತದೆ.

ಯುವಿ ಮಾರ್ಗದಲ್ಲಿ ಲೀಟರಿಗೆ 5ರಿಂದ 15 ಮಿಲಿಗ್ರಾಂ ಪೆರಾಕ್ಸೈಡ್ ಹಾಕಿ, ಸ್ಟ್ಯಾಟಿಕ್ ಮಿಕ್ಸರ್ ದಾಟಿಸಿ, 254 ನ್ಯಾನೋಮೀಟರ್ ದೀಪದ ಮುಂದೆ ಹರಿಸಬೇಕು. ಗಂಟೆಗೆ 10,000 ಲೀಟರ್ ನೀರಿಗೆ 10 ಮಿಲಿಗ್ರಾಂನಂತೆ ಹಾಕಲು 50 ಶೇಕಡ ದ್ರಾವಣ ಗಂಟೆಗೆ ಸುಮಾರು 167 ಮಿಲಿಲೀಟರ್ ಸಾಕು. ಡೋಸಿಂಗ್ ಪಂಪಿನ ತಲೆ ಗಾಳಿ ಬಿಡುವ ಬಗೆಯದಾಗಿರಲಿ. ಪೆರಾಕ್ಸೈಡ್ ಗುಳ್ಳೆ ಕಟ್ಟಿ ಪಂಪ್ ಬರಿದೇ ತಿರುಗುವುದೇ ಇಲ್ಲಿ ಅತಿ ಸಾಮಾನ್ಯ ತೊಂದರೆ. ಎರಡು ವಾಲ್ವ್‌ಗಳ ನಡುವೆ ಪೆರಾಕ್ಸೈಡನ್ನು ಎಂದೂ ಬಂಧಿಸಬೇಡಿ, ಪೈಪ್ ಒಡೆಯುತ್ತದೆ. ಬಾಲ್ ವಾಲ್ವ್ ಬಳಸುವುದಾದರೆ ಉಸಿರುತೂತು ಇರುವುದನ್ನೇ ಕೊಳ್ಳಿ.

ಬೆಳಕಿನ ಡೋಸ್ ಬಗ್ಗೆ ಒಂದು ಎಚ್ಚರಿಕೆ. ಕ್ರಿಮಿನಾಶಕ್ಕೆ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಸಾಕು. ಇಲ್ಲಿ ಬೇಕಾದದ್ದು 500ರಿಂದ 1,000, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸಾಧಾರಣ ಯುವಿ ಫಿಲ್ಟರಿಗೆ ಪೆರಾಕ್ಸೈಡ್ ಬಾಟಲಿ ಕಟ್ಟಿ 'ಅಡ್ವಾನ್ಸ್ಡ್ ಆಕ್ಸಿಡೇಷನ್' ಎಂದು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಡೋಸ್ ಎಷ್ಟು ಮಿಲಿಜೌಲ್?

ನೀರಿನ ಪಾರದರ್ಶಕತೆ ಈ ಮಾರ್ಗದ ಜೀವ. ಒಂದು ಸೆಂಟಿಮೀಟರಿನಲ್ಲಿ 95 ಶೇಕಡ ಬೆಳಕು ದಾಟುವ ನೀರಿನಲ್ಲಿ, 10 ಮಿಲಿಗ್ರಾಂ ಪೆರಾಕ್ಸೈಡ್ ಪಾಲಿಗೆ ನೀರು ಹೀರುವ ಬೆಳಕಿನ 20 ಶೇಕಡ ಸಿಗುತ್ತದೆ. 85 ಶೇಕಡಕ್ಕೆ ಇಳಿದರೆ ಸಿಗುವುದು 7 ಶೇಕಡ ಮಾತ್ರ. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ದೀಪದ ಸುತ್ತಲಿನ ಕ್ವಾರ್ಟ್ಜ್ ಕೊಳವೆ ಕಂದುಬಣ್ಣಕ್ಕೆ ತಿರುಗತೊಡಗುತ್ತದೆ. ಕಬ್ಬಿಣವನ್ನು ಮುಂಚೆಯೇ ತೆಗೆಯಬೇಕು. ಹರಿವು ನಿಂತು ದೀಪ ಉರಿಯುತ್ತಿದ್ದರೆ ನೀರು ಬಿಸಿಯಾಗಿ ಸುಣ್ಣ ಕೊಳವೆಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಫ್ಲೋ ಸ್ವಿಚ್ ಕಡ್ಡಾಯ. ಕರೆಂಟ್ ಹೋಗಿ ಬಂದಾಗಲೆಲ್ಲ ದೀಪ ಕಾಯಲು ಕೆಲವು ನಿಮಿಷ ಬೇಕು. ಆ ಹೊತ್ತಿನ ನೀರು ತನ್ನಷ್ಟಕ್ಕೆ ಚರಂಡಿಗೆ ಹೋಗುವಂತೆ ವಾಲ್ವ್ ಇರಬೇಕು. ನೈಟ್ರೇಟ್ ಹೆಚ್ಚಿರುವ ನೀರಿಗೆ ಮೀಡಿಯಂ ಪ್ರೆಶರ್ ದೀಪ ಬೇಡ. ಅದರ ಕಿರುತರಂಗಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ.

ದೀಪ ದಾಟಿದ ಮೇಲೂ ಪೆರಾಕ್ಸೈಡಿನ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಕ್ಲೋರಿನ್‌ನಿಂದ ಕೊಂದರೆ ಒಂದು ಮಿಲಿಗ್ರಾಂ ಪೆರಾಕ್ಸೈಡಿಗೆ 2.1 ಮಿಲಿಗ್ರಾಂ ಕ್ಲೋರಿನ್ ಬೇಕು. ಅಂದರೆ 10 ಮಿಲಿಗ್ರಾಂ ಉಳಿದ 1,000 ಲೀಟರ್ ನೀರಿಗೆ 10 ಶೇಕಡದ ಹೈಪೋಕ್ಲೋರೈಟ್ ಸುಮಾರು 210 ಮಿಲಿಲೀಟರ್. ಈ ಖರ್ಚಿಗಿಂತ ಹರಳು ಇದ್ದಿಲಿನ ಟ್ಯಾಂಕ್ ಮೇಲು. ಇದ್ದಿಲು ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡುತ್ತದೆ. ಆ ಗುಳ್ಳೆಗಳು ಪದರದಲ್ಲಿ ಸಿಕ್ಕಿ ಹರಿವು ಕಟ್ಟುವುದರಿಂದ ಟ್ಯಾಂಕಿನ ತಲೆಗೆ ಏರ್ ವಾಲ್ವ್ ಹಾಕಿ.

ಓಝೋನ್ ಮಾರ್ಗಕ್ಕೆ ಪಾರದರ್ಶಕತೆಯ ಹಂಗಿಲ್ಲ. ಕೊಳವೆ ತೊಳೆಯುವ ಗೋಜಿಲ್ಲ, ವಿದ್ಯುತ್ ಬಿಲ್ಲೂ ಸಾಮಾನ್ಯವಾಗಿ ಕಡಿಮೆ. ಲೆಕ್ಕದ ಪ್ರಕಾರ ಒಂದು ಗ್ರಾಂ ಓಝೋನಿಗೆ 0.35 ಗ್ರಾಂ ಪೆರಾಕ್ಸೈಡ್ ಸಾಕು, ರೂಢಿಯಲ್ಲಿ 0.5ರಿಂದ 1 ಗ್ರಾಂ ಹಾಕುತ್ತೇವೆ. ಆ ಹೆಚ್ಚುವರಿಯು ಬ್ರೋಮೇಟ್ ಎಂಬ ಹಾನಿಕರ ಉಪಉತ್ಪನ್ನಕ್ಕೆ ತಡೆ. ನೀರಿನಲ್ಲಿ ಬ್ರೋಮೈಡ್ ಲೀಟರಿಗೆ 100 ಮೈಕ್ರೋಗ್ರಾಂ ದಾಟಿದರೆ ಓಝೋನ್ ಅದನ್ನು ಬ್ರೋಮೇಟ್ ಮಾಡುವ ಅಪಾಯ ನಿಜವಾಗಿಯೂ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬ್ರೋಮೇಟಿಗೆ ಇಟ್ಟಿರುವ ಮಿತಿ 10 ಮೈಕ್ರೋಗ್ರಾಂ. ಪೆರಾಕ್ಸೈಡನ್ನು ಮೊದಲು ಬೆರೆಸಿ, ಓಝೋನನ್ನು ಒಂದೇ ಕಡೆ ಸುರಿಯದೆ ಮೂರು-ನಾಲ್ಕು ಕಡೆ ಹಂಚಿ ಕೊಟ್ಟರೆ ಬ್ರೋಮೇಟ್ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಸಾಧಾರಣ ನೀರಿನ ರಿಪೋರ್ಟಿನಲ್ಲಿ ಬ್ರೋಮೈಡ್ ಇರುವುದೇ ಇಲ್ಲ, ಕೇಳಿ ಮಾಡಿಸಬೇಕು. ಕರಾವಳಿಯ ಉಪ್ಪುನೀರು ನುಗ್ಗಿದ ಬಾವಿಗಳಲ್ಲಂತೂ ಓಝೋನಿನ ಮಾತೇ ಬೇಡ.

ಮ್ಯಾಂಗನೀಸ್ ಇದ್ದರೆ ಓಝೋನ್ ಅದನ್ನು ಪರ್ಮಾಂಗನೇಟ್ ಮಾಡಿ ನೀರನ್ನು ಗುಲಾಬಿಯಾಗಿಸಬಲ್ಲದು. ಗಾಳಿಯಿಂದ ಓಝೋನ್ ಮಾಡುವ ಯಂತ್ರಕ್ಕೆ ಮೈನಸ್ 60 ಡಿಗ್ರಿ ಇಬ್ಬನಿ ಬಿಂದುವಿನಷ್ಟು ಒಣ ಗಾಳಿ ಬೇಕು. ಮಳೆಗಾಲದಲ್ಲಿ ಡ್ರೈಯರ್ ಸೋತರೆ ಒಳಗೆ ನೈಟ್ರಿಕ್ ಆಮ್ಲ ಹುಟ್ಟಿ ಟ್ಯೂಬ್‌ಗಳನ್ನು ತಿನ್ನುತ್ತದೆ. ಸಾಮಾನ್ಯ ರಬ್ಬರ್ ವಾಷರ್ ಬಿರುಕುಬಿಡುತ್ತದೆ, ಟೆಫ್ಲಾನ್ ಅಥವಾ ವಿಟಾನ್ ಹಾಕಿ. ಕೋಣೆಯಲ್ಲಿ ಓಝೋನ್ ಅಲಾರಂ ಮತ್ತು ಉಳಿದ ಅನಿಲ ನಾಶಕ ಇಲ್ಲದೆ ಸ್ವಿಚ್ ಒತ್ತಲೇಬಾರದು.

ನಮ್ಮ ಆಯ್ಕೆ ಹೀಗೆ: ಬ್ರೋಮೈಡ್ ಕಡಿಮೆ, ನೀರಿಗೆ ಹಳದಿ ಛಾಯೆ, ನುರಿತ ಆಪರೇಟರ್ ಇದ್ದಾನೆ ಎಂದರೆ ಓಝೋನ್. ಉಳಿದ ಕಡೆ, ಅಂದರೆ ತಿಳಿಯಾದ ಬೋರ್‌ವೆಲ್ ನೀರು ಸಿಗುವ ಹೆಚ್ಚಿನ ಕಡೆ, ಯುವಿ.

ಪೆರಾಕ್ಸೈಡಿಗೆ ಕಬ್ಬಿಣದ ಲವಣ ಬೆರೆಸುವ ಫೆಂಟನ್ ವಿಧಾನ ಅಗ್ಗವೆಂದು ಕೇಳುವವರಿದ್ದಾರೆ. ಅದಕ್ಕೆ ಪಿಎಚ್ 3 ಬೇಕು. 300 ಮಿಲಿಗ್ರಾಂ ಕ್ಷಾರೀಯತೆ ಮುರಿಯಲು ಲೀಟರಿಗೆ 294 ಮಿಲಿಗ್ರಾಂ ಗಂಧಕಾಮ್ಲ ಸುರಿದರೆ 288 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸ್ವೀಕಾರಾರ್ಹ ಮಿತಿಯೇ 200. ಮೇಲೆ ಕಬ್ಬಿಣದ ಕೆಸರು ಬೇರೆ. ಯುವಿ-ಕ್ಲೋರಿನ್ ಆಮ್ಲೀಯ ನೀರಿನಲ್ಲಿ ಚೆನ್ನ. ಪಿಎಚ್ 7.5ರಲ್ಲಿ ಅರ್ಧ ಕ್ಲೋರಿನ್ ಹೈಪೋಕ್ಲೋರೈಟ್ ರೂಪದಲ್ಲಿದ್ದು ರಾಡಿಕಲ್‌ಗಳನ್ನೇ ತಿನ್ನುತ್ತದೆ, ಕ್ಲೋರೇಟನ್ನೂ ಉಳಿಸುತ್ತದೆ.

ಪಾವಗಡದ ಫ್ಲೋರೈಡಿಗಾಗಲಿ ನೈಟ್ರೇಟಿಗಾಗಲಿ ಈ ಯಾವುದೂ ಮದ್ದಲ್ಲ. ಪೀಣ್ಯದಂಥ ಕ್ರೋಮಿಯಂ ಇರುವ ನೀರಿನಲ್ಲಂತೂ ಓಝೋನ್ ಮೂರು ವೇಲೆನ್ಸಿಯ ಕ್ರೋಮಿಯಂ ಅನ್ನು ಆರಕ್ಕೆ ಏರಿಸಿ ಕೆಡುಕನ್ನೇ ಮಾಡೀತು. ಪಿಎಫ್‌ಎಎಸ್ ಎಂಬ, ಸುಲಭಕ್ಕೆ ಒಡೆಯದ ಫ್ಲೋರಿನ್ ರಾಸಾಯನಿಕಗಳ ಮೇಲೂ ಹೈಡ್ರಾಕ್ಸಿಲ್ ರಾಡಿಕಲ್ ಆಟ ನಡೆಯದು. ಟೂಸಾನ್ ಅದೇ ಘಟಕದ ನೀರನ್ನು ಕುಡಿಯುವ ಜಾಲಕ್ಕೆ ಬಿಡುವುದನ್ನು 2021ರಲ್ಲಿ ನಿಲ್ಲಿಸಿದ್ದು ಪಿಎಫ್‌ಎಎಸ್ ಕಾರಣಕ್ಕೆ.