ಮಗುವಿನ ಉಬ್ಬಸಕ್ಕೆ ಸ್ಪೇಸರ್: ಕೆಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ನಮ್ಮ ಮಗಳಿಗೆ ಈಗ ಒಂಬತ್ತು ವರ್ಷ. ಅವಳು ಒಂದನೆಯ ತರಗತಿಯಲ್ಲಿದ್ದಾಗ ಮಕ್ಕಳ ವೈದ್ಯರು ಅಸ್ತಮಾ ಇರುವುದನ್ನು ಖಚಿತಪಡಿಸಿ, ಇನ್ಹೇಲರ್ ಜೊತೆಗೆ, ಅದಕ್ಕೂ ಬಾಯಿಗೂ ನಡುವೆ ಇಡುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನೂ ಬರೆದುಕೊಟ್ಟರು. ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಕಂಪನಿಗಳ ಸ್ಪೇಸರ್‌ಗಳನ್ನು ಬಳಸಿದ್ದೇವೆ. ಅವುಗಳ ಗುಣದೋಷಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಕಂಪನಿಗಳನ್ನು ಹೋಲಿಸುವ ಬದಲು ಈ ಸಾಧನ ಒಂದು ಮನೆಗೆ ವರ್ಷಗಟ್ಟಲೆ ಹೇಗೆ ಒದಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಶಾಲೆಗೆ ಹೋಗುವ ಮಗುವಿಗೆ ಒತ್ತುವ ಇನ್ಹೇಲರ್ ಬರೆದುಕೊಟ್ಟಿದ್ದರೆ ಸ್ಪೇಸರ್ ಇಲ್ಲದೆ ಅದನ್ನು ಮನೆಗೆ ತರಬೇಡಿ. ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ಇನ್ಹೇಲರ್ ಬೇರೆ ಬಗೆಯದು, ಅದಕ್ಕೆ ಸ್ಪೇಸರ್ ಹೊಂದುವುದಿಲ್ಲ.

ಇನ್ಹೇಲರ್ ಡಬ್ಬಿಯನ್ನು ಒತ್ತಿದಾಗ ಔಷಧಿ ಬಹಳ ವೇಗವಾಗಿ ಚಿಮ್ಮುತ್ತದೆ. ಅದನ್ನು ನೇರವಾಗಿ ಬಾಯಿಗಿಟ್ಟುಕೊಂಡರೆ ಒತ್ತುವುದೂ ಉಸಿರೆಳೆದುಕೊಳ್ಳುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ದೊಡ್ಡವರಿಗೇ ಕಷ್ಟವಾದ ಈ ಕೆಲಸ ಕೆಮ್ಮಿ ಕೆಮ್ಮಿ ಗಾಬರಿಗೊಂಡ ಮಗುವಿಗೆ ಆಗದು. ಹೊಂದಿಕೆ ತಪ್ಪಿದರೆ ಔಷಧಿಯ ಹೆಚ್ಚಿನ ಪಾಲು ನಾಲಿಗೆಗೂ ಗಂಟಲಿಗೂ ಅಂಟಿ ವ್ಯರ್ಥವಾಗುತ್ತದೆ. ಶ್ವಾಸಕೋಶದ ಸಣ್ಣ ನಾಳಗಳವರೆಗೆ ಇಳಿಯುವುದು ಸುಮಾರು 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಗಾತ್ರದ ಕಣಗಳು. ಸ್ಪೇಸರ್ ಒಳಗೆ ಔಷಧಿಯ ವೇಗ ತಗ್ಗುತ್ತದೆ, ದಪ್ಪ ಹನಿಗಳು ಕೊಳವೆಗೇ ಹತ್ತಿಕೊಳ್ಳುತ್ತವೆ, ಸಣ್ಣ ಕಣಗಳು ಸ್ವಲ್ಪ ಹೊತ್ತು ತೇಲುತ್ತಿರುತ್ತವೆ. ಕೊಳವೆಯ ಬಾಯಿಗಿಡುವ ತುದಿಯಲ್ಲಿರುವ ಕವಾಟ ಉಸಿರೆಳೆದಾಗ ತೆರೆದು, ಬಿಟ್ಟಾಗ ಮುಚ್ಚಿಕೊಳ್ಳುವುದರಿಂದ ಮಗು ತನ್ನ ಪಾಡಿಗೆ ಉಸಿರಾಡಿದರೆ ಸಾಕು. ಕೊಳವೆ ಪಾರದರ್ಶಕವಾದ್ದರಿಂದ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಒತ್ತಿದೊಡನೆ ಒಳಗೆ ತೆಳ್ಳನೆಯ ಬಿಳಿ ಮಬ್ಬು ತುಂಬಿಕೊಳ್ಳುತ್ತದೆ, ಒಂದೆರಡು ಉಸಿರಿಗೆ ಅದು ಕರಗುತ್ತಾ ಬರುತ್ತದೆ, ಪ್ರತಿ ಉಸಿರಿಗೂ ಕವಾಟದ ಮೆದುವಾದ ಅಂಚು ಸಣ್ಣ ಸದ್ದಿನೊಂದಿಗೆ ಎದ್ದು ಕೂರುತ್ತದೆ. ಅವಳು ಐದು ಉಸಿರು ಪೂರೈಸಿದಳೇ ಎಂಬುದನ್ನು ನಾವು ಆ ಅಂಚನ್ನು ನೋಡಿಯೇ ಎಣಿಸುತ್ತೇವೆ.

ಮೊದಮೊದಲು ಮುಖಕ್ಕೆ ಒತ್ತಿಹಿಡಿಯುವ ಮಾಸ್ಕ್ ಇಟ್ಟು ಕೊಡುತ್ತಿದ್ದೆವು. ತುಟಿ ಬಿಗಿಹಿಡಿದು ಬಾಯಿಂದ ಉಸಿರಾಡಲು ಕಲಿತ ಕೂಡಲೇ ಮಾಸ್ಕ್ ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಸಾಮಾನ್ಯವಾಗಿ ನಾಲ್ಕೈದು ವರ್ಷದ ಮಕ್ಕಳಿಗೆ ಇದು ಸಾಧ್ಯ. ಮಾಸ್ಕ್ ಇದ್ದರೆ ಮಗು ಮೂಗಿನಿಂದ ಉಸಿರೆಳೆಯುತ್ತದೆ, ಔಷಧಿ ಮೂಗಿನಲ್ಲೇ ಸೋಸಿಹೋಗುತ್ತದೆ. ಪ್ರತಿ ಪಫ್‌ಗೂ, ಅಂದರೆ ಡಬ್ಬಿಯನ್ನು ಒಂದು ಸಲ ಒತ್ತುವುದಕ್ಕೂ ಮುನ್ನ ಡಬ್ಬಿಯನ್ನು ಕುಲುಕಬೇಕು, ಒಂದು ಸಲಕ್ಕೆ ಒಂದೇ ಪಫ್ ಒತ್ತಬೇಕು. ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಒತ್ತುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಕಣಗಳು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ ಗೋಡೆ ಸೇರುತ್ತವೆ, ಎರಡು ಪಫ್‌ನ ಫಲ ಸಿಗುವುದಿಲ್ಲ. ಉಬ್ಬಸ ಬಾರದಂತೆ ದಿನವೂ ಕೊಡುವ ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯಲ್ಲಿ ಬಿಳಿ ಶಿಲೀಂಧ್ರ ಬೆಳೆಯುವ ಸಾಧ್ಯತೆಯಿದೆ. ಆದ್ದರಿಂದ ನಮ್ಮಲ್ಲಿ ಸ್ಪೇಸರ್ ಇರುವುದು ಬಚ್ಚಲುಮನೆಯ ಹೊರಗಿನ ಗೂಡಿನಲ್ಲಿ, ಹಲ್ಲುಜ್ಜುವ ಬ್ರಷ್‌ಗಳ ಪಕ್ಕದಲ್ಲಿ. ಪಫ್ ಮೊದಲು, ಹಲ್ಲುಜ್ಜುವುದು ಆಮೇಲೆ. ಈ ಕ್ರಮ ಕೂಡಿಬಂದ ಮೇಲೆ ಬೆಳಗಿನ ಡೋಸ್ ತಪ್ಪುವುದು ನಿಂತುಹೋಯಿತು.

ತೊಳೆಯುವ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಔಷಧಿ ಅಂಗಡಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಪ್ಲಾಸ್ಟಿಕ್ ಒಳಗೋಡೆಯಲ್ಲಿ ಸ್ಥಿರ ವಿದ್ಯುತ್ ಕೂಡಿಕೊಂಡರೆ ಔಷಧಿಯ ಸಣ್ಣ ಕಣಗಳೂ ಅಲ್ಲೇ ಅಂಟಿಕೊಳ್ಳುತ್ತವೆ. ಹೊಸ ಸ್ಪೇಸರ್ ಪೆಟ್ಟಿಗೆಯಿಂದ ತೆಗೆದಾಗ ಈ ತೊಂದರೆ ಹೆಚ್ಚು, ಬಟ್ಟೆಯಿಂದ ಉಜ್ಜಿ ಒರೆಸಿದರೆ ಇನ್ನೂ ಹೆಚ್ಚು. ಭಾಗಗಳನ್ನು ಬಿಡಿಸಿ, ಪಾತ್ರೆ ತೊಳೆಯುವ ದ್ರವ ಸೋಪಿನ ಕೆಲವು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು, ಒರೆಸದೆ, ತಾನಾಗಿಯೇ ಒಣಗಲು ನಿಲ್ಲಿಸಬೇಕು. ಬಾಯಿಗಿಡುವ ಭಾಗವನ್ನು ಮಾತ್ರ ಬರಿಯ ನೀರಿನಲ್ಲಿ ಜಾಲಿಸುತ್ತೇವೆ. ಕುದಿಯುವ ನೀರು ತಾಕಿಸಿದರೆ ಕವಾಟ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಒಣಗಲು ಇಡೀ ರಾತ್ರಿ ಬೇಕಾಗುವುದರಿಂದ ರಾತ್ರಿಯ ಪಫ್ ಆದ ಮೇಲೆಯೇ ತೊಳೆದಿಡುತ್ತೇವೆ. ಸ್ಥಿರ ವಿದ್ಯುತ್ ನಿಲ್ಲದಂಥ ವಸ್ತುವಿನಿಂದ ಮಾಡಿದ ಸ್ಪೇಸರ್‌ಗಳೂ ಸಿಗುತ್ತವೆ. ಬೆಲೆ ಸ್ವಲ್ಪ ಹೆಚ್ಚಾದರೂ ಅವನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಇಷ್ಟಾದರೂ ಮೊದಲ ವರ್ಷ ಅವಳ ರಾತ್ರಿಯ ಕೆಮ್ಮು ಪೂರ್ತಿ ಹೋಗಲಿಲ್ಲ. ಕಾರಣ ಸ್ಪೇಸರ್ ಆಗಿರಲಿಲ್ಲ, ಮೂಗು. ಅವಳು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿಕೊಳ್ಳುವುದನ್ನೂ, ಹಾಗೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಮೂಡಿದ್ದ ಅಡ್ಡಗೆರೆಯನ್ನೂ ವೈದ್ಯರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಗುರುತಿಸಿದರು. ಮೂಗು ಮತ್ತು ಶ್ವಾಸಕೋಶ ಒಂದೇ ದಾರಿಯ ಎರಡು ತುದಿಗಳು. ಮೂಗಿನ ಅಲರ್ಜಿಯನ್ನು ಹಾಗೆಯೇ ಬಿಟ್ಟು ಉಬ್ಬಸಕ್ಕೆ ಮಾತ್ರ ಔಷಧಿ ಕೊಟ್ಟರೆ ಅರ್ಧ ಚಿಕಿತ್ಸೆಯಾಗುತ್ತದೆ. ಅಲ್ಲಿಯವರೆಗೆ ಮೂಗಿಗೆಂದು ಮಾಂಟೆಲುಕಾಸ್ಟ್ ಕೊಡುತ್ತಿದ್ದೆವು. ಆ ಔಷಧಿಯಿಂದ ನಿದ್ರೆ, ಮನಸ್ಥಿತಿ ಮತ್ತು ವರ್ತನೆಯಲ್ಲಿ ಏರುಪೇರಾಗಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ವೈದ್ಯರೊಂದಿಗೆ ಇದನ್ನು ಚರ್ಚಿಸಿದಾಗ ಅವರು ಮೂಗಿನ ಸ್ಟೀರಾಯ್ಡ್ ಸ್ಪ್ರೇಗೆ ಬದಲಾಯಿಸಿದರು. ಸ್ಪ್ರೇಯ ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಹೊರಗಿನ ಕಡೆಗೆ, ಅಂದರೆ ಅದೇ ಬದಿಯ ಕಿವಿಯತ್ತ ತಿರುಗಿಸಿ ಒತ್ತಬೇಕು, ಇಲ್ಲವಾದರೆ ರಕ್ತ ಒಸರಬಹುದು. ಅದರ ಫಲ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆಯೇ ಅವಳು ಬಾಯಿ ಮುಚ್ಚಿ ಮಲಗತೊಡಗಿದಳು.

ಬೆಂಗಳೂರಿನಲ್ಲಿ ಇರುವವರಿಗೆ ಇದೆಲ್ಲ ಹೊಸದಲ್ಲ. ಇಲ್ಲಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಗಮನಿಸಿ, ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆದುದನ್ನು ದಾಖಲಿಸಿದ್ದಾರೆ. ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ, ರಸ್ತೆ ಅಗೆತದ ಧೂಳು, ದೀಪಾವಳಿಯ ಹೊಗೆ, ಡಿಸೆಂಬರಿನ ಚಳಿಗಾಳಿ ಒಂದಾದ ಮೇಲೊಂದು ಬರುತ್ತವೆ. ಮನೆಯೊಳಗೆ ನಾವು ಮಾಡಿದ್ದು ಇಷ್ಟೇ: ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟುವುದು, ಅವಳ ಕೋಣೆಯಲ್ಲಿ ಅಗರಬತ್ತಿ ಹಚ್ಚದಿರುವುದು.

"ಪಂಪ್ ಅಭ್ಯಾಸವಾಗಿಬಿಡುತ್ತದೆ, ಹೆಣ್ಣುಮಗು, ನೋಡಿದವರು ಏನೆಂದುಕೊಂಡಾರು" ಎಂದು ನಮ್ಮ ಅತ್ತೆಯವರು ಬಹಳ ಕಾಲ ನೊಂದುಕೊಂಡಿದ್ದರು. ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಿಗೆ ಕರೆದೊಯ್ಯಬೇಕೆಂದು ಬಂಧುಗಳು ಒತ್ತಾಯಿಸಿದರು. ಅವರ ಕಾಳಜಿ ನಿಜವಾದದ್ದು, ಆದರೆ ಆ ಔಷಧಿ ಉಬ್ಬಸವನ್ನು ವಾಸಿಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇನ್ಹೇಲರ್ ಚಟವಾಗುವುದಿಲ್ಲ. ಸ್ಟೀರಾಯ್ಡ್‌ನಿಂದ ಮಗುವಿನ ಎತ್ತರ ಕಡಿಮೆಯಾದೀತೆಂಬ ಆತಂಕಕ್ಕೆ ಮಾತ್ರ ಆಧಾರವುಂಟು: ಬಾಲ್ಯದಲ್ಲಿ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಅನ್ನು ವರ್ಷಗಟ್ಟಲೆ ಎಳೆದುಕೊಂಡವರ ವಯಸ್ಕ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿದೆ. ನಿಯಂತ್ರಣವಿಲ್ಲದ ಉಬ್ಬಸ, ಪದೇ ಪದೇ ಬೇಕಾಗುವ ಸ್ಟೀರಾಯ್ಡ್ ಸಿರಪ್, ನಿದ್ರೆಗೆಟ್ಟ ರಾತ್ರಿಗಳು ಇವುಗಳ ಎದುರಿಗಿಟ್ಟು ತೂಗಿದಾಗ ನಮಗೆ ಅನುಮಾನ ಉಳಿಯಲಿಲ್ಲ. ಆರು ತಿಂಗಳಿಗೊಮ್ಮೆ ಎತ್ತರ ಅಳೆಸುತ್ತೇವೆ, ಡೋಸ್ ತಗ್ಗಿಸಬಹುದೇ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತೇವೆ.

ಉಬ್ಬಸ ಕೆರಳಿದಾಗ ಇದೇ ಸ್ಪೇಸರ್‌ನಲ್ಲಿ ಉಸಿರಿನ ನಾಳಗಳನ್ನು ಬೇಗ ಸಡಿಲಿಸುವ, ನೀಲಿ ಡಬ್ಬಿಯ ಸಾಲ್ಬುಟಮಾಲ್ ಕೊಡುತ್ತೇವೆ. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರು ಬರೆದುಕೊಟ್ಟ ಹಾಳೆ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಸಾಧಾರಣ ಮಟ್ಟದ ಉಬ್ಬಸದಲ್ಲಿ ಸ್ಪೇಸರ್, ದ್ರವ ಔಷಧಿಯನ್ನು ಮಂಜಾಗಿಸಿ ಕೊಡುವ ಯಂತ್ರವಾದ ನೆಬ್ಯುಲೈಸರ್‌ಗೆ ಕಡಿಮೆಯಿಲ್ಲವೆಂದು ಮಕ್ಕಳ ಮೇಲಿನ ಅಧ್ಯಯನಗಳು ಹೇಳುತ್ತವೆ, ಕರೆಂಟೂ ಬೇಕಿಲ್ಲ. ಆದರೆ ಪಕ್ಕೆಗಳು ಒಳಕ್ಕೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಪಫ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಅವಳ ಮೊದಲಿನ ಶಾಲೆಯಲ್ಲಿ ಇನ್ಹೇಲರನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಪಿ.ಟಿ. ಪೀರಿಯಡ್‌ನಲ್ಲಿ ಉಸಿರು ಕಟ್ಟಿದ ಮಗು ಬೀಗದ ಕೈ ಇರುವವರನ್ನು ಹುಡುಕಬೇಕಾಗಿತ್ತು. ಇದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಈಗಿನ ಶಾಲೆಯಲ್ಲಿ ತರಗತಿಯ ಶಿಕ್ಷಕಿಯ ಮೇಜಿನಲ್ಲೇ ಒಂದು ಸ್ಪೇಸರ್ ಇದೆ, ಕೊಡುವ ಕ್ರಮವನ್ನು ಅವರೇ ಕೇಳಿ ಕಲಿತುಕೊಂಡರು.

ಸಾಧನದ ಕೊರತೆಗಳೂ ಇವೆ. ಎರಡು ಭಾಗ ಕೂಡಿಸುವ ಬಗೆಯ ಸ್ಪೇಸರ್‌ನಲ್ಲಿ ತಿಂಗಳುಗಳು ಕಳೆದಂತೆ ಕೂಡುವ ಜಾಗ ಸಡಿಲವಾಗಿ ಗಾಳಿ ಸೋರುತ್ತದೆ. ಕವಾಟ ಬಿರುಸಾದರೆ ಅದೊಂದನ್ನೇ ಬದಲಾಯಿಸಲು ಬಿಡಿಭಾಗ ಸಿಗುವುದಿಲ್ಲ, ಇಡೀ ಕೊಳವೆಯನ್ನೇ ಹೊಸದಾಗಿ ಕೊಳ್ಳಬೇಕು. ಆರು ತಿಂಗಳಿಂದ ಒಂದು ವರ್ಷದೊಳಗೆ ಆ ಕಾಲ ಬರುತ್ತದೆ. ಪೆಟ್ಟಿಗೆಯೊಳಗಿನ ಸೂಚನೆಗಳು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದ್ದವು. ಈ ರಾಜ್ಯದಲ್ಲಿ ಮಾರುವ, ಅಜ್ಜಿ ತಾತಂದಿರೂ ಬಳಸಬೇಕಾದ ವಸ್ತುವಿಗೆ ಚಿತ್ರಸಹಿತ ಕನ್ನಡ ಹಾಳೆಯೊಂದನ್ನು ಇಡುವುದು ಕಷ್ಟದ ಕೆಲಸವೇನಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ನಿಮ್ಮ ಇನ್ಹೇಲರನ್ನು ಜೊತೆಗೆ ಒಯ್ದು, ಹಿಂಬದಿಯ ರಂಧ್ರಕ್ಕೆ ಬಿಗಿಯಾಗಿ ಕೂರುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಡಬ್ಬಿಯಲ್ಲಿ ಉಳಿದ ಪಫ್ ಎಣಿಸುವ ಅಂಕಿ ಇರುವ ಇನ್ಹೇಲರ್ ಸಿಕ್ಕರೆ ಅದನ್ನೇ ಕೇಳಿ ತನ್ನಿ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನು ನಂಬುವಂತಿಲ್ಲ.