ಕಸದ ಗುಡ್ಡಕ್ಕೆ ಮಳೆಗಾಲದ ಹೊದಿಕೆ: ಮಣ್ಣು, ಟಾರ್ಪಾಲಿನ್, ನಾರಿನ ಚಾಪೆ, ಯಾವುದು ಎಲ್ಲಿಗೆ?

ಲೀಚೇಟಿಗೆ, ಅಂದರೆ ಕಸದೊಳಗಿಂದ ಇಳಿದು ಬರುವ ಕೊಳಕು ನೀರಿಗೆ, ಒಂದು ಲೆಕ್ಕ, ಮಣ್ಣಿನ ಸವಕಳಿಗೆ ಇನ್ನೊಂದು ಲೆಕ್ಕ ಅಂತ ಇಟ್ಟುಕೊಂಡರೆ ಎರಡೂ ಕೈ ತಪ್ಪುತ್ತವೆ. ಎರಡರ ಮೂಲವೂ ಮಳೆನೀರೇ. ಒಂದು ಹೆಕ್ಟೇರ್ ಮೇಲೆ ಬರೀ 1 ಮಿ.ಮೀ. ಮಳೆ ಬಿದ್ದರೂ 10 ಸಾವಿರ ಲೀಟರ್ ನೀರು. ಅದರಲ್ಲಿ ಕಸ ಮುಟ್ಟಿದ್ದಷ್ಟನ್ನೂ ನಾವು ಹಿಡಿದು ಶುದ್ಧ ಮಾಡಬೇಕು. ಮುಟ್ಟದೆ ಹರಿದದ್ದು ಬರೀ ಕೆಸರು ನೀರು, ಅದನ್ನು ಸಂಭಾಳಿಸುವುದು ಎಷ್ಟೋ ಸುಲಭ ಅಲ್ವಾ? ನೀರು ಕಸ ಮುಟ್ಟುತ್ತದೆಯೇ ಇಲ್ಲವೇ, ನಾನು ಎಲ್ಲವನ್ನೂ ಅಳೆಯುವುದು ಈ ಒಂದು ಪ್ರಶ್ನೆಯಿಂದಲೇ.

ಮೊದಲು ದಿನದ ಹೊದಿಕೆ. ಸಂಜೆ 15 ಸೆಂ.ಮೀ. ಮಣ್ಣು ಹರಡುವುದು ಹಳೆಯ ಪದ್ಧತಿ. ವಾಸನೆ, ನೊಣ, ಬೆಂಕಿ ಮೂರಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮಣ್ಣು ಜಿಗುಟಾಗಿದ್ದರೆ, ಮರುದಿನ ಅದರ ಮೇಲೇ ಕಸ ಸುರಿದರೆ, ಒಳಗೆ ಒಂದು ತಟ್ಟೆ ಇಟ್ಟಂತಾಗುತ್ತದೆ. ನೀರು ಕೆಳಗಿಳಿಯದೆ ಅಡ್ಡಕ್ಕೆ ಹರಿದು ಇಳಿಜಾರಿನ ಮೈಯಲ್ಲಿ ಜಿನುಗುತ್ತದೆ. ಅಂಥ ಒಂದು ಜಾಗ ಅಗೆಸಿ ನೋಡಿದೆ: ಮಣ್ಣಿನ ಪದರದ ಮೇಲಿನ ಕಸ ಕಪ್ಪಗೆ ತೊಟ್ಟಿಕ್ಕುತ್ತಿತ್ತು, ಅದರ ಕೆಳಗಿನ ಚೀಲಗಳು ಹೆಚ್ಚುಕಡಿಮೆ ಒಣಗಿಯೇ ಇದ್ದವು. ಹಾಗಾಗಿ ಹೊಸ ಕಸ ಹಾಕುವ ಮುಂಚೆ ಹಳೆಯ ಮಣ್ಣನ್ನು ಕೆರೆದು ತೆಗೆಸಿ, ಆಗದಿದ್ದರೆ ಅಲ್ಲಲ್ಲಿ ಒಡೆಸಿ.

ಟಾರ್ಪಾಲಿನ್ ಜಾಗ ತಿನ್ನುವುದಿಲ್ಲ, ಮಳೆಯನ್ನೂ ತಡೆಯುತ್ತದೆ. ಕಷ್ಟ ಎಂದರೆ ಗಾಳಿ. ತೂಕ ಇಡದಿದ್ದರೆ ರಾತ್ರಿಯೇ ಹಾರುತ್ತದೆ, ಒದ್ದೆಯಾದರೆ ಎಳೆಯಲು ಜನ ಜಾಸ್ತಿ ಬೇಕು, ಕಂಬಿ ಗಾಜು ತಗುಲಿದರೆ ಹರಿಯುತ್ತದೆ. ಇನ್ನೊಂದು ವಿಷಯ ಗಮನಿಸಿ, ಅದರ ಕೆಳ ಅಂಚು ಕಸದ ಮೇಲೇ ಕೊನೆಯಾದರೆ ಹೊದಿಸಿಯೂ ಸುಮ್ನೆ ವ್ಯರ್ಥ, ಅಂಚು ಹೊರಗಿನ ಚರಂಡಿಗೇ ಮುಟ್ಟಬೇಕು. ಕಸ ಸುರಿಯುತ್ತಿರುವ ಮುಖಕ್ಕೆ ನನ್ನ ಆಯ್ಕೆ ಟಾರ್ಪಾಲಿನ್. ತಿಂಗಳುಗಟ್ಟಲೆ ಮುಟ್ಟದ ಜಾಗಕ್ಕೆ 30 ಸೆಂ.ಮೀ. ಮಣ್ಣು.

ಆ ಮಣ್ಣು ಇಳಿಜಾರಿನಲ್ಲಿ ನಿಲ್ಲಬೇಕಲ್ಲ, ಅಲ್ಲೇ ನಿಜವಾದ ಪರೀಕ್ಷೆ. ಕೆಳಗೆ ಬಟ್ಟೆಯ ಬೇಲಿ, ಅಂದರೆ ಸಿಲ್ಟ್ ಫೆನ್ಸ್, ಹಾಕಿದರೆ ಸಾಕು ಅನ್ನುವವರಿದ್ದಾರೆ. ಅದು ಕೊಚ್ಚಿಬಂದ ಮಣ್ಣನ್ನು ಹಿಡಿಯುತ್ತದೆ, ಕೊಚ್ಚುವುದನ್ನು ತಡೆಯುವುದಿಲ್ಲ. ಬುಡವನ್ನು ನೆಲದೊಳಗೆ ಹೂಳದಿದ್ದರೆ ನೀರು ಅಡಿಯಿಂದಲೇ ನುಸುಳುತ್ತದೆ. ತೆಂಗಿನ ನಾರಿನ ಚಾಪೆ ಮೇಲಿನಿಂದಲೇ ಹನಿಯ ಹೊಡೆತ ತಡೆಯುತ್ತದೆ, ಹುಲ್ಲಿನ ಬೀಜಕ್ಕೂ ತೇವ ಹಿಡಿದಿಡುತ್ತದೆ. ಸೆಣಬಿನ ಚಾಪೆ ಅಗ್ಗ, ಆದರೆ ಬೇಗ ಕೊಳೆಯುತ್ತದೆ. ಹುಲ್ಲು ಬೇರೂರುವಷ್ಟು ಕಾಲ ಬಾಳುವುದು ನಾರೇ. ಹಾಸುವಾಗ ಚಾಪೆ ಮಣ್ಣಿಗೆ ಅಂಟಿಕೊಂಡೇ ಕೂರಬೇಕು. ಎಲ್ಲಾದರೂ ಉಬ್ಬಿದ್ದರೆ ಅಡಿಯಲ್ಲಿ ನೀರು ಹರಿದು ಕೊರಕಲು ಬೀಳುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಮೇಲಂಚನ್ನು ಸಣ್ಣ ಕಾಲುವೆ ತೋಡಿ ಹೂಳಿ. ಇಳಿಜಾರು ಮೂರಕ್ಕೆ ಒಂದಕ್ಕಿಂತ (ಅಡ್ಡಕ್ಕೆ ಮೂರು ಅಡಿ ಹೋದರೆ ಒಂದು ಅಡಿ ಎತ್ತರ) ಕಡಿದಾಗಿದ್ದರೆ ಚಾಪೆಗೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಮೊದಲು ನಡುವೆ ಮೆಟ್ಟಿಲು ಕಡಿದು ನೀರನ್ನು ಪಕ್ಕಕ್ಕೆ ತಿರುಗಿಸಿ.

ಇಷ್ಟಾದ ಮೇಲೂ ಬರುವ ಲೀಚೇಟನ್ನು ಏನು ಮಾಡುವುದು? ಗುಡ್ಡಕ್ಕೇ ವಾಪಸ್ ಪಂಪ್ ಮಾಡಿದರೆ ಕಸ ಬೇಗ ಕೊಳೆಯುತ್ತದೆ, ಗ್ಯಾಸೂ ಬೇಗ ಬರುತ್ತದೆ. ಬೇಸಿಗೆಯಲ್ಲಿ, ಗಟ್ಟಿ ಲೈನರ್ (ಕಸದ ಅಡಿಯಲ್ಲಿ ನೀರು ನೆಲಕ್ಕಿಳಿಯದಂತೆ ಹಾಸಿದ ಪದರ) ಮತ್ತು ಲೀಚೇಟನ್ನು ಹೊರಗೆ ತರುವ, ಕೆಲಸ ಮಾಡುವ ಪೈಪುಗಳಿದ್ದರೆ ಮಾತ್ರ ನಾನು ಒಪ್ಪುತ್ತೇನೆ. ಮಳೆಗಾಲದಲ್ಲಿ ಬೇಡವೇ ಬೇಡ, ಒಳಗೆ ನೀರಿನ ಒತ್ತಡ ಏರಿದರೆ ಇಳಿಜಾರೇ ಜಾರಬಹುದು. ಲೀಚೇಟನ್ನು ಕೊಳದಲ್ಲಿ ಹಿಡಿದಿಟ್ಟು ಗಾಳಿ ಹಾಯಿಸುವುದು ಹೊಸ ಕಸದ ಲೀಚೇಟಿಗೆ ಚೆನ್ನಾಗಿ ಹೊಂದುತ್ತದೆ. ಹಳೆಯ ಕಸದ್ದರಲ್ಲಿ ಸೂಕ್ಷ್ಮಜೀವಿಗಳು ತಿನ್ನುವಂಥದ್ದು ಕಡಿಮೆ, ಅಮೋನಿಯ ಮಾತ್ರ ಹಾಗೇ ಉಳಿದಿರುತ್ತದೆ. ಅದಕ್ಕೆ ಬೇರೆ ಹಂತದ ಶುದ್ಧೀಕರಣವೂ ಬೇಕು. ಕೊಳಕ್ಕೂ ಮೇಲೆ ಹೊದಿಕೆ ಹಾಕಿ, ಅದರ ಮೇಲೂ ಮಳೆ ಬೀಳುತ್ತದೆ.